ಪ್ರತಿಕ್ರಿಯೆ: ಇಸಿಯು ಕಳಚಿ ಕಳುಹಿಸಬೇಕೇ?
ಎಂಜಿನ್ನಿನ ಶಕ್ತಿ ಹೆಚ್ಚಿಸುವ ಟ್ಯೂನಿಂಗ್‌ಗಾಗಿ ಡೀಸೆಲ್ ಕಾರಿನ ಇಸಿಯುವನ್ನು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರನ್ನು) ದಾವಣಗೆರೆಯಿಂದ ಬೆಂಗಳೂರಿಗೆ ಕೊರಿಯರ್ ಮಾಡಲೇಬೇಕೇ ಎಂದು ತಾವು ಕೇಳಿದ್ದೀರಿ. ಹಲವು ಕಾರುಗಳಿಗೆ ಅದರ ಅಗತ್ಯವಿಲ್ಲ. ಟ್ಯೂನರ್ ಕಳುಹಿಸುವ ಉಪಕರಣವನ್ನು ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ (ಕಾರಿನ ದೋಷ ಪತ್ತೆಗೆ ಬಳಸುವ ಸಾಕೆಟ್ಟಿಗೆ) ಜೋಡಿಸಿ, ಇಸಿಯುವಿನಲ್ಲಿರುವ ಮೂಲ ಫೈಲನ್ನು ಓದಿ ಇಮೇಲ್ ಮಾಡಿದರೆ, ಅವರು ಇಂಧನದ ಪ್ರಮಾಣ, ಟರ್ಬೊ ಒತ್ತಡ ಹಾಗೂ ಟಾರ್ಕ್ ಮಿತಿಯ ಕೋಷ್ಟಕಗಳನ್ನು ತಿದ್ದಿ, ಚೆಕ್‌ಸಮ್ (ಫೈಲು ಸರಿಯಿದೆಯೇ ಎಂದು ಪರೀಕ್ಷಿಸಲು ಬಳಸುವ ಸಂಖ್ಯೆ) ಸರಿಪಡಿಸಿ ಮರಳಿಸುತ್ತಾರೆ. ಅದನ್ನು ತಾವೇ ಇಸಿಯುಗೆ ಬರೆಯಬಹುದು. ಬರೆಯುವಾಗ ಬ್ಯಾಟರಿಯ ವೋಲ್ಟೇಜ್ ಕುಸಿದರೆ ಇಸಿಯು ಕೆಟ್ಟುನಿಲ್ಲಬಹುದಾದ್ದರಿಂದ, ಸ್ಥಿರ ವೋಲ್ಟೇಜ್ ನೀಡುವ ಚಾರ್ಜರ್ ಜೋಡಿಸದೆ ದಯವಿಟ್ಟು ಆರಂಭಿಸಬೇಡಿ. ಓಬಿಡಿ ಮೂಲಕ ಬರೆಯದಂತೆ ತಯಾರಕರು ಬೀಗ ಹಾಕಿರುವ ಇಸಿಯುವನ್ನು ಕಳಚಬೇಕಾಗುತ್ತದೆ. ಆಗ ತಮ್ಮದೇ ಇಸಿಯು ಮರಳಿ ಬರಬೇಕು, ಬೇರೆಯದನ್ನು ಹಾಗೆಯೇ ಕೂರಿಸಿದರೆ ಇಮೊಬಿಲೈಸರ್ (ಕಾರಿನ ಕಳ್ಳತನ ತಡೆಯುವ ವ್ಯವಸ್ಥೆ) ಸಾಮಾನ್ಯವಾಗಿ ಎಂಜಿನ್ ಚಾಲೂ ಆಗಲು ಬಿಡುವುದಿಲ್ಲ. ಮೂಲ ಫೈಲಿನ ಪ್ರತಿಯನ್ನು ತಮ್ಮ ಬಳಿಯೂ ಇಟ್ಟುಕೊಳ್ಳಿ. ವಾರಂಟಿ ಉಳಿದಿದ್ದರೆ, ಅದು ಮುಗಿಯುವವರೆಗೆ ಕಾಯುವುದೇ ಲೇಸೆಂಬುದು ನನ್ನ ಸಲಹೆ.