ಕ್ವೇಕ್‌ನಲ್ಲಿ ಸಂಗೀತ ಕೇಳಿಸುತ್ತಿಲ್ಲವೇ? ಡ್ರೈವರ್ ಬಿಡಿ, ಫೋಲ್ಡರ್ ನೋಡಿ

ಪ್ರಶ್ನೆ: 1996ರ ಕ್ವೇಕ್ ಆಟ ಹಾಕಿಕೊಂಡಿದ್ದೇನೆ. ಗುಂಡಿನ ಸದ್ದು, ರಾಕ್ಷಸರ ಕೂಗು ಎಲ್ಲ ಕೇಳುತ್ತದೆ. ಸಂಗೀತ ಮಾತ್ರ ಇಲ್ಲ. ಸೌಂಡ್ ಡ್ರೈವರ್ (ಸೌಂಡ್ ಕಾರ್ಡ್ ನಡೆಸುವ ಸಾಫ್ಟ್‌ವೇರ್) ಮತ್ತೆ ಹಾಕಿ ನೋಡಿದೆ. ಹೊಸ ಸೌಂಡ್ ಕಾರ್ಡ್ ಬೇಕಾ?

ಉತ್ತರ: ಬೇಡ. ಗುಂಡಿನ ಸದ್ದು ಬರುತ್ತಿದೆ ಅಂದಮೇಲೆ ಡ್ರೈವರ್ ಸರಿಯಾಗಿಯೇ ಇದೆ, ಅಲ್ವಾ? ಆದರೂ ಎಲ್ಲರೂ ಅದರ ಮೇಲೇ ಗೂಬೆ ಕೂರಿಸುತ್ತಾರೆ.

ಟ್ರೆಂಟ್ ರೆಜ್ನರ್ ಮತ್ತು ಅವರ ಬ್ಯಾಂಡ್ ನೈನ್ ಇಂಚ್ ನೇಲ್ಸ್ ಮಾಡಿದ ಆ ಸಂಗೀತ ಆಟದ ಫೈಲುಗಳಲ್ಲಿ ಇರಲೇ ಇಲ್ಲ. ಸಿಡಿಯ ಮೊದಲ ಟ್ರ್ಯಾಕ್ ಡೇಟಾ. 2ರಿಂದ 11ರವರೆಗೆ ಮಾಮೂಲಿ ಹಾಡಿನ ಸಿಡಿ ಇದ್ದ ಹಾಗೆ. ಪ್ರತಿ ಮ್ಯಾಪಿನಲ್ಲೂ, ಅಂದರೆ ಆಟದ ಪ್ರತಿ ಹಂತದಲ್ಲೂ, ಒಂದು ಟ್ರ್ಯಾಕ್ ನಂಬರ್ ಬರೆದಿರುತ್ತದೆ. ಅದನ್ನು ನುಡಿಸು ಅಂತ ಆಟ ಸಿಡಿ ಡ್ರೈವಿಗೆ ಹೇಳುತ್ತಿತ್ತು, ಅಷ್ಟೇ. ಸಿಡಿಯೇ ಇಲ್ಲದಿದ್ದರೆ ಏನನ್ನು ನುಡಿಸಬೇಕು?

ಕ್ವೇಕ್‌ಸ್ಪಾಸ್ಮ್‌ನಂಥ ಸೋರ್ಸ್ ಪೋರ್ಟ್ (ಹಳೇ ಆಟವನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ಪ್ರೋಗ್ರಾಂ) ಹಾಕಿ. ಆಟದ ಐಡಿ1 (id1) ಫೋಲ್ಡರಿನ ಒಳಗೆ ಮ್ಯೂಸಿಕ್ (music) ಅಂತ ಇನ್ನೊಂದು ಫೋಲ್ಡರ್ ಮಾಡಿ. ಸಿಡಿಯಿಂದ ತೆಗೆದ ಹಾಡುಗಳಿಗೆ ಟ್ರ್ಯಾಕ್02ರಿಂದ ಟ್ರ್ಯಾಕ್11ರವರೆಗೆ (track02–track11) ಹೆಸರಿಟ್ಟು ಅಲ್ಲಿ ಹಾಕಿ. ಜಾಸ್ತಿ ಜನ ಎಡವುವುದು ಇಲ್ಲೇ: ಮೊದಲ ಹಾಡಿಗೆ 01 ಕೊಡುತ್ತಾರೆ. ಆಮೇಲೆ ಎಲ್ಲ ಮ್ಯಾಪಿನಲ್ಲೂ ತಪ್ಪು ಹಾಡು, ಕೊನೆಯದಂತೂ ಬರುವುದೇ ಇಲ್ಲ. ಎಂಪಿ3 ಫೈಲಿನ ಹೆಸರಿನ ಬಾಲ ಕಿತ್ತು ಓಜಿಜಿ (ಇನ್ನೊಂದು ಬಗೆಯ ಹಾಡಿನ ಫೈಲು) ಅಂತ ಅಂಟಿಸಿದರೆ ಅದು ಓಜಿಜಿ ಆಗುವುದಿಲ್ಲ. ಎಂಪಿ3ಯನ್ನೂ ಕ್ವೇಕ್‌ಸ್ಪಾಸ್ಮ್ ನುಡಿಸುತ್ತದೆ, ಹಾಗೇ ಬಿಡಿ. ಲಿನಕ್ಸ್‌ನಲ್ಲಿ ಹೆಸರೆಲ್ಲ ಇಂಗ್ಲಿಷಿನ ಸಣ್ಣಕ್ಷರದಲ್ಲೇ ಇರಲಿ. ಇಷ್ಟಾದರೂ ಕೇಳಿಸದಿದ್ದರೆ ಮೆನುವಿನಲ್ಲಿ ಸಂಗೀತದ ವಾಲ್ಯೂಮ್ ಸೊನ್ನೆಯಲ್ಲಿದೆಯಾ ನೋಡಿ. ನಗಬೇಡಿ, ಎಷ್ಟೋ ಸಲ ಅದೇ ಆಗಿರುತ್ತದೆ.

ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಯಲ್ಲಿ ಕೊಂಡಿದ್ದರೆ ಇಷ್ಟೆಲ್ಲ ಒದ್ದಾಟವೇ ಬೇಡ. 2021ರ ಮರುಬಿಡುಗಡೆಯಲ್ಲಿ ಈ ಹಾಡುಗಳು ಸೇರಿಕೊಂಡೇ ಬಂದಿವೆ. ರೀರಿಲೀಸ್ (rerelease) ಫೋಲ್ಡರಿನಲ್ಲಿ ಹುಡುಕಿ, ಕಾಪಿ ಮಾಡಿಕೊಳ್ಳಿ.

ಪ್ರಶ್ನೆ: ‘ಒಂದೇ ಕ್ಲಿಕ್ಕಿಗೆ ಸಂಗೀತ ಸರಿ’ ಅನ್ನುವ ಇನ್‌ಸ್ಟಾಲರ್ ಸಿಕ್ಕಿದೆ. ಆಂಟಿವೈರಸ್ ಆಫ್ ಮಾಡಿ ಅನ್ನುತ್ತದೆ. ಮಾಡಲಾ?

ಉತ್ತರ: ಹತ್ತು ಹಾಡು ಕಾಪಿ ಮಾಡುವುದಕ್ಕೆ ಆಂಟಿವೈರಸ್ ಯಾಕೆ ಆಫ್ ಆಗಬೇಕು? ಸುಮ್ನೆ ಡಿಲೀಟ್ ಮಾಡಿ.

ಪ್ರಶ್ನೆ: ಹಳೇ ಕ್ವೇಕ್ ಸಿಡಿಯನ್ನು ಮ್ಯೂಸಿಕ್ ಪ್ಲೇಯರಿಗೆ ಹಾಕಿದರೆ ಮೊದಲು ಕರ್ಕಶ ಸದ್ದು ಬರುತ್ತದೆ. ಸಿಡಿ ಕೆಟ್ಟಿದೆಯಾ?

ಉತ್ತರ: ಇಲ್ಲ, ನೀವು ಡೇಟಾ ಟ್ರ್ಯಾಕ್ ಕೇಳುತ್ತಿದ್ದೀರಿ. ಸ್ಪೀಕರ್ ಹಾಳಾಗುವ ಮೊದಲು ಎರಡನೆಯದಕ್ಕೆ ಹೋಗಿ.

ಪ್ರಶ್ನೆ: ಡೂಮ್ ಅನ್ನುವ ಹಳೇ ಆಟದ ಸಂಗೀತ ಯಾಕೋ ಆಟಿಕೆಯಂತೆ ಕೇಳಿಸುತ್ತದೆ.

ಉತ್ತರ: ಅದು ಮಿಡಿ, ಅಂದರೆ ರೆಕಾರ್ಡ್ ಮಾಡಿದ ಹಾಡಲ್ಲ, ಯಾವ ಸ್ವರ ಯಾವಾಗ ನುಡಿಸಬೇಕು ಅನ್ನುವ ಪಟ್ಟಿ. ಅದನ್ನು ನುಡಿಸುವ ವಿಂಡೋಸ್‌ನ ಸಿಂತ್ ಬಿಟ್ಟು ಒಳ್ಳೆಯ ಸೌಂಡ್‌ಫಾಂಟ್ (ವಾದ್ಯಗಳ ಸದ್ದು ತುಂಬಿದ ಫೈಲು) ಹಾಕಿ.