ಶನಿವಾರದ ಆಟಕ್ಕೆ ಹೋಗಲೋ ಬೇಡವೋ

ನೀನು ಅಕ್ಕ ಎಂದು ಕರೆದಿದ್ದೀಯ. ಹಾಗಾಗಿ ನಾನೂ 'ನೀನು' ಅಂತಲೇ ಬರೆಯುತ್ತೇನೆ.

ನ್ಯೂರೆಂಬರ್ಗಿಗೆ ಬಂದು ಮೂರು ತಿಂಗಳಾಯಿತು, ಆಫೀಸಿನಲ್ಲಿ ಎಲ್ಲರೂ ನಗುನಗುತ್ತಾ ಮಾತಾಡುತ್ತಾರೆ, ಐದು ಗಂಟೆಯಾದರೆ ಮಾಯ, ಶನಿವಾರ ಭಾನುವಾರ ಒಂದು ನರಪಿಳ್ಳೆಯೂ ಮಾತಿಗೆ ಸಿಗುವುದಿಲ್ಲ ಅಂತ ಬರೆದಿದ್ದೀಯ. ಈಗ ಟೀಮಿನವರೊಬ್ಬರು ಶನಿವಾರ ಸಂಜೆ ಮನೆಗೆ 'ಶ್ಪೀಲೆಆಬೆಂಡ್' ಇದೆ ಬಾ ಎಂದು ಕರೆದಿದ್ದಾರೆ. ಅಂದರೆ ಎಲ್ಲರೂ ಮೇಜಿನ ಸುತ್ತ ಕೂತು ಆಟ ಆಡುವ ಸಂಜೆ. ಆಟದ ಹೆಸರು ಜಸ್ಟ್ ಒನ್. ಪದ ಊಹಿಸುವ ಆಟ. ನಿನ್ನ ಜರ್ಮನ್ ಇನ್ನೂ ಎ2, ಅಂದರೆ ಆರಂಭದ ಹಂತ. 'ಅಲ್ಲಿ ಹೋಗಿ ಪೆದ್ದನ ಹಾಗೆ ಕೂರುವುದಕ್ಕಿಂತ ಹುಷಾರಿಲ್ಲ ಅಂದುಬಿಡಲಾ ಅಕ್ಕ?' ಅಂತ ಕೇಳಿದ್ದೀಯ.

ಬೇಡ ಮಾರಾಯ. ಹೋಗು.

ನಾನು ಬಂದು ಹದಿಮೂರು ವರ್ಷವಾಯಿತು. ಇಲ್ಲಿ ಸ್ನೇಹ ನಮ್ಮ ಕಡೆಯ ಹಾಗೆ 'ಈ ಕಡೆ ಬಂದಿದ್ದೆ, ಹಾಗೇ ನೋಡಿಕೊಂಡು ಹೋಗೋಣ ಅಂತ' ಎನ್ನುತ್ತಾ ಬಾಗಿಲು ತಟ್ಟಿ ಬರುವುದಿಲ್ಲ. ಮೂರು ವಾರ ಮುಂಚೆ ಟೆರ್ಮೀನ್ ತಗೊಂಡು ಬರುತ್ತದೆ. ಟೆರ್ಮೀನ್ ಅಂದರೆ ಅಪಾಯಿಂಟ್‌ಮೆಂಟ್, ಡಾಕ್ಟರಿಗೂ ಸ್ನೇಹಿತರಿಗೂ ಒಂದೇ ಪದ! ಮೊದಲ ವರ್ಷ ನನಗೆ ಇದು ಅವಮಾನ ಅನಿಸುತ್ತಿತ್ತು. ಆಮೇಲೆ ತಿಳಿಯಿತು, ಹಾಗೆ ಮೂರು ವಾರ ಮುಂಚೆ ಕರೆದವರು ನಿಜವಾಗಿಯೂ ಕರೆದಿರುತ್ತಾರೆ. 'ಬನ್ನಿ ಒಂದ್ಸಲ ಮನೆ ಕಡೆ' ಅನ್ನುವ ಬಾಯಿಮಾತಿನ ಕರೆ ಇಲ್ಲಿ ಕಡಿಮೆ. ಹಾಗಾಗಿ ನಿನ್ನನ್ನು ಕರೆದಿದ್ದನ್ನು ಹಗುರವಾಗಿ ತಗೋಬೇಡ.

ಇನ್ನು ಆಟ. ಇದನ್ನು ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಭಾಷೆ ಅರ್ಧಂಬರ್ಧ ಬರುವವರಿಗೆ ಇದಕ್ಕಿಂತ ಒಳ್ಳೆಯ ಆಟ ನನಗೆ ಸಿಕ್ಕಿಲ್ಲ.

ಮೂರರಿಂದ ಏಳು ಜನ ಆಡಬಹುದು. ಪ್ರತಿಯೊಬ್ಬರ ಮುಂದೆ ಒಂದು ಪುಟ್ಟ ಪ್ಲಾಸ್ಟಿಕ್ ಹಲಗೆ, ಒರೆಸಬಹುದಾದ ಒಂದು ಪೆನ್. ಒಬ್ಬರು ಕಾರ್ಡ್ ತೆಗೆದು, ತಮಗೆ ಕಾಣದ ಹಾಗೆ ಹಲಗೆಗೆ ಒರಗಿಸಿ ಇಡುತ್ತಾರೆ. ಅದರಲ್ಲಿ ಐದು ಪದ ಇರುತ್ತವೆ. ಒಂದರಿಂದ ಐದರೊಳಗೆ ಯಾವುದೋ ಸಂಖ್ಯೆ ಹೇಳುತ್ತಾರೆ. ಆ ಪದವನ್ನು ಉಳಿದವರು ಅವರಿಂದ ಹೇಳಿಸಬೇಕು. ಒಬ್ಬೊಬ್ಬರೂ ಒಂದೇ ಒಂದು ಸುಳಿವಿನ ಪದ ಬರೆಯಬೇಕು, ಮಾತಾಡುವಂತಿಲ್ಲ. ಬರೆದಾದ ಮೇಲೆ ಊಹಿಸುವವರು ಕಣ್ಣು ಮುಚ್ಚಬೇಕು, ಉಳಿದವರು ಹಲಗೆಗಳನ್ನು ತಿರುಗಿಸಿ ನೋಡಿಕೊಳ್ಳಬೇಕು. ಮಜಾ ಇರುವುದು ಇಲ್ಲಿ. ಇಬ್ಬರು ಒಂದೇ ಪದ ಬರೆದಿದ್ದರೆ ಎರಡನ್ನೂ ಒರೆಸಬೇಕು! ಉಳಿದದ್ದನ್ನು ನೋಡಿ ಅವರು ಒಂದೇ ಒಂದು ಉತ್ತರ ಹೇಳಬಹುದು.

ಒಂದು ಆಟಕ್ಕೆ ಹದಿಮೂರು ಕಾರ್ಡ್. ಅಂಕ ಎಲ್ಲರಿಗೂ ಸೇರಿ. ನಮ್ಮ ಅಂತ್ಯಾಕ್ಷರಿಯ ಹಾಗೆ ಆ ಕಡೆ ಈ ಕಡೆ ಅಂತಿಲ್ಲ. ಗೆದ್ದರೆ ಎಲ್ಲರೂ, ಮುಳುಗಿದರೂ ಎಲ್ಲರೂ. ಲುಡೊವಿಕ್ ರೂಡಿ, ಬ್ರೂನೊ ಸೌಟರ್ ಎಂಬಿಬ್ಬರು ಮಾಡಿದ ಆಟ. 2018ರಲ್ಲಿ ಬೆಲ್ಜಿಯಂನ ಒಂದು ಕಂಪನಿ ಹೊರತಂದಿತು, ಮರುವರ್ಷವೇ 'ಶ್ಪೀಲ್ ಡೆಸ್ ಯಾರೆಸ್' ಬಂತು. ಅಂದರೆ ವರ್ಷದ ಆಟ ಪ್ರಶಸ್ತಿ. 1979ರಿಂದ ಕೊಡುತ್ತಿದ್ದಾರೆ. ಅಂಗಡಿಯಲ್ಲಿ ಡಬ್ಬಿಯ ಮೇಲೆ ಕೆಂಪು ಕಾಯಿಯ ಗುರುತು ಕಂಡರೆ ಅದೇ. ಇಲ್ಲಿನ ಮನೆಗಳಲ್ಲಿ ಆಟದ ಡಬ್ಬಿಗಳ ಕಪಾಟು ನಮ್ಮ ಮನೆಗಳ ಸ್ಟೀಲ್ ಡಬ್ಬಿಗಳ ಸಾಲಿನ ಹಾಗೆ. ದೊಡ್ಡವರೂ ಆಡುತ್ತಾರೆ. ನಾಚಿಕೆ ಗೀಚಿಕೆ ಏನಿಲ್ಲ.

ನಿನಗೆ ಬೇಕಾಗುವ ಎರಡು ನಿಯಮ ಹೇಳಿಬಿಡುತ್ತೇನೆ. ಒಂದು, ಕಾರ್ಡಿನ ಪದ ನಿನಗೆ ಗೊತ್ತಿಲ್ಲದಿದ್ದರೆ 'ಬೇರೆ ಸಂಖ್ಯೆ ಹೇಳಿ' ಅಂತ ಕೇಳಬಹುದು. ಅದು ಆಟದಲ್ಲೇ ಇರುವ ಅವಕಾಶ, ಯಾರೂ ದಯೆ ತೋರಿಸುತ್ತಿಲ್ಲ. ಎರಡು, ನೀನು ಊಹಿಸುವಾಗ ತಪ್ಪು ಹೇಳಿದರೆ ಆ ಕಾರ್ಡಿನ ಜೊತೆಗೆ ಇನ್ನೊಂದು ಕಾರ್ಡೂ ಹೋಗುತ್ತದೆ. ಗೊತ್ತಿಲ್ಲ ಅಂದರೆ ಒಂದೇ ಕಾರ್ಡ್ ಹೋಗುವುದು. ನಮಗೆ ಏನಾದರೂ ಒಂದು ಹೇಳಿಬಿಡೋಣ ಅನ್ನುವ ಚಟ ಇರುತ್ತದೆ, ಅಲ್ವಾ? ಸ್ಕೂಲಿನಲ್ಲಿ ಸುಮ್ಮನೆ ನಿಂತರೆ ಏಟು ಬೀಳುತ್ತಿತ್ತು, ಅದಕ್ಕೇ ಇರಬೇಕು. ಇಲ್ಲಿ ಆ ಚಟ ದುಬಾರಿ.

ನನ್ನ ಮೊದಲ ಸಲದ ಕಥೆ ಕೇಳು. ಏಳಕ್ಕೆ ಕರೆದಿದ್ದರು, ನಾನು ನಮ್ಮ ಲೆಕ್ಕದಲ್ಲಿ ಏಳೂಮುಕ್ಕಾಲಿಗೆ ಹೋದೆ. ಆರು ಜನ ಮೇಜಿನ ಸುತ್ತ ಕೂತು, ಸೂಪು ಆರಿಸಿಕೊಂಡು ಕಾಯುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಎರಡನೆಯದೋ ಮೂರನೆಯದೋ ಕಾರ್ಡು. ಪದ ಆನೆ. ನಾನು ಮೈಸೂರಿನವಳು. ಇನ್ನೇನು ಬರೆಯಲಿ? 'ದಸರಾ' ಅಂತ ಬರೆದೆ. ಹಲಗೆ ತಿರುಗಿಸಿದರೆ ಇಬ್ಬರದು ಸೊಂಡಿಲು, ಇಬ್ಬರದು ಬೂದು ಬಣ್ಣ. ನಾಲ್ಕೂ ಒರೆಸಿಹೋದವು. ಉಳಿದದ್ದು ಒಂದು 'ಸರ್ಕಸ್', ಒಂದು ನನ್ನ 'ದಸರಾ'. ಊಹಿಸಬೇಕಾದ ಪುಣ್ಯಾತ್ಮ ಕಣ್ಣು ಬಿಟ್ಟು ನೋಡಿದ. ದಸರಾ ಅನ್ನುವುದನ್ನು ಬಾಯಲ್ಲೇ ಎರಡು ಸಲ ಓದಿಕೊಂಡ. 'ವಿದೂಷಕ' ಅಂದ. ಎರಡು ಕಾರ್ಡು ಹೋಯಿತು. ನನಗೆ ಮೇಜಿನ ಕೆಳಗೆ ಇಳಿದುಬಿಡೋಣ ಅನಿಸಿತು.

ಆಮೇಲೆ ಕೇಳಿದರು, ದಸರಾ ಅಂದರೇನು ಅಂತ. ನನ್ನ ಆಗಿನ ಜರ್ಮನ್ ನಿನ್ನದಕ್ಕಿಂತ ಕಡೆ. ಜಂಬೂ ಸವಾರಿ ಹೇಳಿದೆ. ಅಂಬಾರಿಗೆ ಪದ ಸಿಗದೆ 'ಆನೆ ಮೇಲಿನ ಸೋಫಾ' ಅಂದೆ. 750 ಕೆಜಿ ಅಂದಾಗ ಒಬ್ಬರು 'ಅಷ್ಟೂ ಚಿನ್ನವಾ?' ಅಂದರು. ಇಲ್ಲ, ಒಳಗೆ ಮರ, ಮೇಲೆ ಚಿನ್ನದ ತಗಡು ಅಂತ ಕೈ ತಿರುಗಿಸಿ ತಿರುಗಿಸಿ ತೋರಿಸಿದೆ. ಕಾಲು ಗಂಟೆ ಆಟ ನಿಂತಿತ್ತು. ಇಲ್ಲಿಗೆ ಬಂದ ಮೇಲೆ ಅಷ್ಟು ಹೊತ್ತು ನಾನು ಒಬ್ಬಳೇ ಮಾತಾಡಿದ್ದು ಅದೇ ಮೊದಲು.

ಹಾಗಂತ ಎಲ್ಲದಕ್ಕೂ ನಮ್ಮೂರಿನ ಪದವನ್ನೇ ಬರೆಯಬೇಡ. ಅದು ಒರೆಸಿ ಹೋಗುವುದಿಲ್ಲ ನಿಜ, ಆದರೆ ಯಾರಿಗೂ ತಲುಪುವುದೂ ಇಲ್ಲ. ಹಾಗೆಯೇ ಮೊದಲು ಹೊಳೆದದ್ದನ್ನೂ ಬರೆಯಬೇಡ. ಎರಡನೆಯದಾಗಿ ಹೊಳೆದದ್ದನ್ನು ಬರಿ. ನಿನ್ನ ಚಿಕ್ಕ ಜರ್ಮನ್ ಅಲ್ಲಿ ಕೆಲಸಕ್ಕೆ ಬರುತ್ತದೆ. ಅವರೆಲ್ಲ ಜಾಣತನ ಮಾಡಿ ದೊಡ್ಡ ದೊಡ್ಡ ಪದ ಬರೆದಿರುತ್ತಾರೆ, 'ಬಿಸಿ', 'ಮೇಲೆ', 'ಅಜ್ಜಿ' ಅಂತ ಬರೆಯುವುದು ನೀನೊಬ್ಬನೇ ಆಗಿರುತ್ತೀಯ. ಒಂದು ಎಚ್ಚರ. ಅವರಿಗೆ ಎರಡು ಮೂರು ಪದ ಅಂಟಿಸಿ ಒಂದು ಪದ ಮಾಡುವ ವಿದ್ಯೆ ಇದೆ. ಕೈಗವಸಿಗೆ ಹಾಂಡ್‌ಶೂ, ಅಂದರೆ ಕೈಯ ಬೂಟು. ವ್ಯಾಕ್ಯೂಮ್ ಕ್ಲೀನರಿಗೆ ಧೂಳು ಹೀರುಗ. ಇವೆಲ್ಲ ಒಂದೇ ಪದ ಅಂತಲೇ ಲೆಕ್ಕ. ಮೋಸ ಅನಿಸಿದರೆ ನಮ್ಮ ಅಡುಗೆಮನೆ, ಕೈಚೀಲ ನೆನಪಿಸಿಕೊಂಡು ಸುಮ್ಮನಾಗು.

ಅಪ್ಪ ಅಮ್ಮ ಇಲ್ಲಿಗೆ ಬಂದಾಗ ಇದನ್ನೇ ಕನ್ನಡದಲ್ಲಿ ಆಡಿಸಿದೆ. ಮೂರು ತಿಂಗಳ ವೀಸಾ, ಮೊದಲ ವಾರ ಊರು ತೋರಿಸಿದ್ದು ಮುಗಿಯಿತು, ಆಮೇಲೆ ಅಮ್ಮ ಕಿಟಕಿ ಹತ್ತಿರ ಕೂತು 'ಏನೇ ಇದು, ರಸ್ತೆಯಲ್ಲಿ ಒಂದು ಸದ್ದಿಲ್ಲ' ಅನ್ನುವುದು ಶುರುವಾಯಿತು. ಹಳೇ ಕ್ಯಾಲೆಂಡರ್ ಹಾಳೆ ಕತ್ತರಿಸಿ ಚೀಟಿ ಮಾಡಿದೆವು. ಕೊಡೆ, ರೈಲು, ಜಾತ್ರೆ, ಮಜ್ಜಿಗೆ, ಹಪ್ಪಳ ಹೀಗೆ. ಮಗಳಿಗೆ ಕನ್ನಡ ಮಾತಾಡಲು ಬರುತ್ತದೆ, ಬರೆಯಲು ತಡವರಿಸುತ್ತಾಳೆ. ಅವಳು ಜರ್ಮನ್ ಅಕ್ಷರದಲ್ಲೇ ಕನ್ನಡ ಬರೆಯಬಹುದು ಅಂತ ಒಪ್ಪಂದ. ಅಮ್ಮ 'ಮಕ್ಕಳಾಟ, ನನಗೆ ಬೇಡ' ಅಂದರು. ಹತ್ತು ನಿಮಿಷಕ್ಕೆ ಕನ್ನಡಕ ತರಿಸಿಕೊಂಡರು.

ಮಗಳ ಸರದಿ. ಚೀಟಿಯಲ್ಲಿ ಹಪ್ಪಳ. ಅಪ್ಪ 'ಮಹಡಿ' ಅಂತ ಬರೆದರು. ನಾನು 'ಉದ್ದು'. ನನ್ನ ಗಂಡ 'ಎಣ್ಣೆ'. ಅಮ್ಮ 'ಕಾಗೆ'. ಒಂದೂ ಒಂದರ ಹಾಗಿಲ್ಲ, ನಾಲ್ಕಕ್ಕೆ ನಾಲ್ಕೂ ಉಳಿದವು. ನಾವು ಗೆದ್ದೆವು ಅಂತಲೇ ಅಂದುಕೊಂಡೆವು. ಮಗಳು ನೋಡಿದಳು, ಯೋಚಿಸಿದಳು, 'ವಡೆ' ಅಂದಳು.

'ಕಾಗೆ ಅಂತ ಬರೆದಿದ್ದೀನಲ್ಲೇ!' ಅಂತ ಅಮ್ಮ ಹಲಗೆ ಕುಟ್ಟಿದರು. ಮಹಡಿ ಮೇಲೆ ಹಪ್ಪಳ ಹರವಿ, ಮಕ್ಕಳ ಕೈಗೆ ಕೋಲು ಕೊಟ್ಟು ಕಾಗೆ ಓಡಿಸಲು ಕೂರಿಸುತ್ತಿದ್ದದ್ದು ಅಮ್ಮನ ತಲೆಯಲ್ಲಿ. ಕಾಗೆ ವಡೆ ಕದ್ದ ಕಥೆ ಮಗಳ ತಲೆಯಲ್ಲಿ, ಅದನ್ನು ಹೇಳಿಕೊಟ್ಟವರೂ ಅಮ್ಮನೇ! ಉದ್ದು, ಎಣ್ಣೆ, ಕಾಗೆ. ಅವಳ ಕಡೆಯಿಂದ ನೋಡಿದರೆ ವಡೆಯಲ್ಲದೆ ಇನ್ನೇನು? ಮಹಡಿ ಮಾತ್ರ ಯಾಕೆ ಅಂತ ಕೇಳಿದಳು. ನಮ್ಮ ಮನೆಗೆ ಇಲ್ಲಿ ಇಳಿಜಾರು ಹೆಂಚಿನ ಸೂರು, ಅವಳು ಹಪ್ಪಳ ಒಣಗುವುದನ್ನು ಕಂಡೇ ಇಲ್ಲ. ಮರುದಿನ ಅಮ್ಮ ಬಾಲ್ಕನಿಯಲ್ಲಿ ಹಳೇ ಬೆಡ್‌ಶೀಟ್ ಹಾಸಿ ಹಪ್ಪಳ ಒಣಗಿಸಿದರು. ಬಿಸಿಲು ಸಾಲದೆ ಬೂಷ್ಟು ಬಂತು, ಅದು ಬೇರೆ ಕಥೆ.

ಜಗಳವೂ ಆಯಿತು. ರಾಜ, ರಾಜಕುಮಾರಿ ಥರದ ಒಂದೇ ಮೂಲದ ಪದ ಬಂದರೆ ಎರಡನ್ನೂ ಒರೆಸಬೇಕು. ಮಜ್ಜಿಗೆಗೆ ಅಮ್ಮ 'ಉಪ್ಪು' ಬರೆದಿದ್ದರು, ಅಪ್ಪ 'ಉಪ್ಪಿನಕಾಯಿ'. ಒಂದೇ ಮೂಲವೋ ಬೇರೆಯೋ? ನಲವತ್ತೈದು ವರ್ಷದ ಸಂಸಾರದ ಲೆಕ್ಕವೆಲ್ಲ ಹೊರಬಂತು. ಕೊನೆಗೆ ಎರಡನ್ನೂ ಒರೆಸಿದೆವು. ಅಪ್ಪ ಈಗಲೂ ಒಪ್ಪಿಲ್ಲ.

ಅವರು ವಾಪಸ್ ಹೋದ ಮೇಲೆ ವಿಡಿಯೋ ಕಾಲಿನಲ್ಲಿ ಆಡುತ್ತೇವೆ. ಬೇಸಿಗೆಯಲ್ಲಿ ಮೂರೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ನಾಲ್ಕೂವರೆ. ಭಾನುವಾರ ಇಲ್ಲಿ ಮಧ್ಯಾಹ್ನ ಎರಡೂವರೆ ಆದರೆ ಅವರಿಗೆ ಕಾಫಿ ಮುಗಿದ ಹೊತ್ತು. ಚೀಟಿ ಕ್ಯಾಮೆರಾಕ್ಕೆ ಹಿಡಿದು ತೋರಿಸುವುದು, ಅಷ್ಟೇ. ನೀನೂ ಮಾಡು. 'ಊಟ ಆಯ್ತಾ, ಚಳಿ ಹೆಂಗಿದೆ' ಮುಗಿದ ಮೇಲೆ ಫೋನಿನಲ್ಲಿ ಮಾತು ಖಾಲಿಯಾಗುತ್ತದಲ್ಲ, ಅದಕ್ಕೆ ಒಳ್ಳೆಯದು. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕೂಕಾಲಿಗೇ ಸೂರ್ಯ ಮುಳುಗುತ್ತಾನೆ, ಆಗ ಇನ್ನೂ ಬೇಕಾಗುತ್ತದೆ.

ಆ ಮೊದಲ ಮನೆಗೆ ಈಗಲೂ ಹೋಗುತ್ತೇನೆ. ಡಬ್ಬಿಯಲ್ಲಿ 110 ಕಾರ್ಡು, ಪದಗಳು ತಿರುಗಿ ತಿರುಗಿ ಬರುತ್ತವೆ. ಎರಡು ವರ್ಷದ ನಂತರ ಮತ್ತೆ ಆನೆ ಬಂತು. ಈ ಸಲ ಇವರಿಗೆ ಗೊತ್ತಲ್ಲ ಅಂತ ಧೈರ್ಯವಾಗಿ 'ದಸರಾ' ಬರೆದೆ. ಹಲಗೆ ತಿರುಗಿಸಿದರೆ ಮೂರು ದಸರಾ! ಒಬ್ಬರು ಅಕ್ಷರ ತಪ್ಪು ಬರೆದಿದ್ದರು, ಆದರೂ ಅದೇ ಪದ. ಮೂರನ್ನೂ ಒರೆಸಿದೆವು. ಹೊಸದಾಗಿ ಬಂದಿದ್ದ ಹುಡುಗನೊಬ್ಬ ಮಾತ್ರ ಸೊಂಡಿಲು ಅಂತ ಬರೆದಿದ್ದ. ಅದರಿಂದ ಆ ಕಾರ್ಡು ಉಳಿಯಿತು.

ಆಟ ಮೊದಲೇ ನೋಡಿಕೊಳ್ಳಬೇಕು ಅನಿಸಿದರೆ ಇಲ್ಲಿ ಬಹಳಷ್ಟು ಊರುಗಳ ಲೈಬ್ರರಿಯಲ್ಲಿ ಪುಸ್ತಕದ ಹಾಗೆ ಆಟದ ಡಬ್ಬಿಯನ್ನೂ ಎರವಲು ಕೊಡುತ್ತಾರೆ, ಕೇಳಿ ನೋಡು. ಶನಿವಾರ ಏಳಕ್ಕೆ ಅಂದರೆ ಏಳಕ್ಕೆ, ಐದು ನಿಮಿಷ ಮುಂಚೆಯೂ ಬೇಡ. ಬಾಗಿಲಲ್ಲಿ ಶೂ ಬಿಡು, ತೂತಿಲ್ಲದ ಸಾಕ್ಸ್ ಹಾಕಿಕೊಂಡು ಹೋಗು. ಹತ್ತು ಗಂಟೆ ಮೇಲೆ ಜೋರಾಗಿ ನಗಬೇಡ, ಕೆಳಗಿನ ಮನೆಯವರಿಗೆ ಕೇಳುತ್ತದೆ. ಕೊನೆಯ ಬಸ್ಸು ಎಷ್ಟಕ್ಕೆ ಅಂತ ಹೋಗುವ ಮುಂಚೆಯೇ ನೋಡಿಕೋ. ಬರಿಗೈಲಿ ಹೋಗಬೇಡ, ಚಿತ್ರಾನ್ನ ಮಾಡಿಕೊಂಡು ಹೋಗು, ತಣ್ಣಗಿದ್ದರೂ ನಡೆಯುತ್ತದೆ. ಹಸಿಮೆಣಸಿನಕಾಯಿ ಒಂದೇ ಸಾಕು. ಕಡಲೆಬೀಜ ಹಾಕುವ ಮುಂಚೆ ಯಾರಿಗಾದರೂ ಅಲರ್ಜಿ ಇದೆಯಾ ಅಂತ ಒಂದು ಮೆಸೇಜ್ ಹಾಕಿ ಕೇಳು. ಸಾಸಿವೆಯನ್ನೂ ಸೇರಿಸಿ ಕೇಳು. ನಗಬೇಡ, ಇಲ್ಲಿನ ಅಲರ್ಜಿ ಪಟ್ಟಿಯಲ್ಲಿ ಅದೂ ಇದೆ.