ಅಭಿಮಾನಿ ಕಥೆಗಳ ಹೊಸ ನಾಯಕಿ

ಪ್ರಶ್ನೆ: ಪ್ರಸಿದ್ಧ ಕಥಾಲೋಕಗಳನ್ನು ಆಧರಿಸಿ ಅಭಿಮಾನಿಗಳು ಬರೆಯುವ ಕಥೆಗಳಲ್ಲಿ, ಲೇಖಕಿಯೇ ಸೃಷ್ಟಿಸಿದ ಹೊಸ ಸ್ತ್ರೀಪಾತ್ರ ಬಂದೊಡನೆ ಓದುಗರು ಅದನ್ನು ‘ಮೇರಿ ಸ್ಯೂ’ ಎಂದು ತಳ್ಳಿಹಾಕುವುದೇಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ಈ ಹೆಸರು ಹುಟ್ಟಿದ್ದು 1973ರಲ್ಲಿ. ಅಮೆರಿಕದ ‘ಸ್ಟಾರ್ ಟ್ರೆಕ್’ ಎಂಬ ಬಾಹ್ಯಾಕಾಶ ನೌಕೆಯ ಟಿವಿ ಸರಣಿಯ ಅಭಿಮಾನಿಗಳ ಕಿರುಪತ್ರಿಕೆಯೊಂದರಲ್ಲಿ ಪೌಲಾ ಸ್ಮಿತ್ ಬರೆದ ಪುಟ್ಟ ವಿಡಂಬನೆಯಲ್ಲಿ, ಹದಿನೈದೂವರೆ ವರ್ಷದ ಲೆಫ್ಟಿನೆಂಟ್ ಮೇರಿ ಸ್ಯೂ ಇಡೀ ನೌಕೆಯನ್ನು ತಾನೇ ನಡೆಸಿ, ನೊಬೆಲ್ ಶಾಂತಿ ಪ್ರಶಸ್ತಿಯನ್ನೂ ಪಡೆದು, ನಾಯಕರೆಲ್ಲರ ಕಣ್ಣೀರಿನ ನಡುವೆ ಸಾಯುತ್ತಾಳೆ. ಅಂದು ಪದೇ ಪದೇ ಬರುತ್ತಿದ್ದ, ಎಲ್ಲದರಲ್ಲೂ ಮಿಂಚುವ ಇಂಥ ನಾಯಕಿಯರ ಕಥೆಗಳ ಟೀಕೆ ಅದಾಗಿತ್ತು, ನ್ಯಾಯವಾದ ಟೀಕೆಯೇ.

ಆದರೆ ಕ್ರಮೇಣ ಆ ಹಣೆಪಟ್ಟಿ ಸಮರ್ಥಳಾದ ಯಾವ ಹೊಸ ಹೆಣ್ಣಿಗೂ ಅಂಟತೊಡಗಿತು. ಅದರ ಭಯದಿಂದ ಲೇಖಕಿಯರು ಸ್ತ್ರೀಪಾತ್ರಗಳನ್ನು ಸೃಷ್ಟಿಸಲೇ ಹಿಂಜರಿಯುತ್ತಿದ್ದುದನ್ನು ಸಂಶೋಧಕಿ ಕೆಮಿಲ್ ಬೇಕನ್-ಸ್ಮಿತ್ ಅಭಿಮಾನಿ ಲೇಖಕಿಯರ ಕುರಿತ ತಮ್ಮ 1992ರ ಅಧ್ಯಯನದಲ್ಲಿ ದಾಖಲಿಸಿದ್ದಾರೆ. ಅಷ್ಟೇ ಅಸಾಧಾರಣನಾದ, ‘ಸ್ಟಾರ್ ಟ್ರೆಕ್’ನ ನಾಯಕ ಕ್ಯಾಪ್ಟನ್ ಕರ್ಕ್‌ನನ್ನು ಒಪ್ಪುವ ಓದುಗ ಇವಳನ್ನು ಮಾತ್ರ ಶಂಕಿಸುವುದು ನನಗೆ ಅನ್ಯಾಯವೆನಿಸುತ್ತದೆ.

ಓದುಗರ ಆಕ್ಷೇಪದಲ್ಲಿ ಹುರುಳಿರುವುದು ಬೇರೆಡೆ: ಹೊಸಬಳನ್ನು ಮೆರೆಸಲೆಂದೇ ಪರಿಚಿತ ಪಾತ್ರಗಳು ತಮ್ಮ ಸ್ವಭಾವವನ್ನೇ ಬಿಟ್ಟುಕೊಟ್ಟಾಗ ಕಥೆ ಸೊರಗುತ್ತದೆ. ನೀವು ಬರೆಯುವುದಾದರೆ ಅವಳ ಪ್ರತಿಭೆಯನ್ನು ಕುಗ್ಗಿಸಬೇಡಿ. ಅವಳ ಮಾತನ್ನು ಒಪ್ಪದವರಿಗೂ ಕಥೆಯಲ್ಲಿ ಸಕಾರಣವಾದ ಜಾಗ ಕೊಡಿ.